ಲಿಫ್ಟಿನ ಸಂದಿಯಿಂದ ಬಂದ ಮಾತು

"ನೀನು ನಿಂತಲ್ಲೇ ನನ್ನ ಊರು. ಇನ್ನು ನಾನು ಯಾರನ್ನು ದಾರಿ ಕೇಳಲಿ?"

ರಂಗದ ಮೇಲೆ ನಾಯಕ ಹೀಗೆನ್ನುತ್ತಿದ್ದಂತೆ ವಿರಾಮದ ಪರದೆ ಬಿತ್ತು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಕೈ ಮೇಲೇಳಲಿಲ್ಲ. ಆ ಮಾತು ನನ್ನದು. ಮದುವೆಗೆ ಮುಂಚೆ ನನ್ನ ಗಂಡ ನನಗೆ ಹೇಳಿದ್ದು.

ಪಕ್ಕಕ್ಕೆ ತಿರುಗಿದೆ. ಅವರು ಎದುರಿನ ಸೀಟಿನ ಬೆನ್ನನ್ನು ಕೆಟ್ಟುಹೋದ ಮೋಟರಿನ ಹಾಗೆ ಪರೀಕ್ಷಿಸುತ್ತಿದ್ದರು.

ಅವರದು ಲಿಫ್ಟ್ ರಿಪೇರಿ ಕೆಲಸ. ನಾನಾಗ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದೆ. ಒಂದು ದಿನ ಇವರು ನೋಡಿಕೊಳ್ಳುತ್ತಿದ್ದ ಆ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ನಾನೊಬ್ಬಳೇ, ಕೈಯಲ್ಲಿ ಯಾರದೋ ಮೇಲಿನ ಸಾಲಿನ ಹಲ್ಲು. ಮೇಲಿನ ಸಂದಿಯಲ್ಲಿ ಇವರ ಮುಖ ಕಾಣಿಸಿತು. ಅದುವರೆಗೆ 'ಮೇಡಂ' ಬಿಟ್ಟು ಬೇರೇನೂ ಅನ್ನದವರು, ಸ್ಪ್ಯಾನರ್ ಹಿಡಿದುಕೊಂಡೇ ಆ ಮಾತು ಹೇಳಿಬಿಟ್ಟರು. ನಾನು ಅದನ್ನು ಎತ್ತಿಟ್ಟುಕೊಂಡೆ. ಸಂಸಾರ ಬೇಸರ ತಂದ ದಿನಗಳಲ್ಲೆಲ್ಲ ಅದನ್ನು ತೆಗೆದು, ಒರೆಸಿ, ನೋಡಿ, ಮತ್ತೆ ಒಳಗಿಡುತ್ತಿದ್ದೆ.

ಈ ನಾಟಕಕಾರರ ಹೆಸರು ನಮ್ಮ ರಸ್ತೆಗಿದೆ, ಶಾಲೆಗಿದೆ, ಬಸ್ ನಿಲ್ದಾಣಕ್ಕೂ ಇದೆ. ಆದರೆ ನಾನು ಅವರ ಒಂದು ನಾಟಕವನ್ನೂ ನೋಡಿರಲಿಲ್ಲ. ನಾಟಕ ನೋಡಿದವರು ಕೆಡುತ್ತಾರೆ ಎಂದು ಅಪ್ಪ ಬಿಡುತ್ತಿರಲಿಲ್ಲ. ಮದುವೆಯಾದ ಮೇಲೆ ಈ ನಾಟಕ ಬಂದಾಗಲೆಲ್ಲ ಇವರು "ಟಿಕೆಟ್ ಖಾಲಿಯಂತೆ" ಎನ್ನುತ್ತಿದ್ದರು. ಈ ಸಲ ನಾಟಕಕಾರರ ಶತಮಾನೋತ್ಸವ, ಟಿಕೆಟ್ ತಂದದ್ದು ಮಗಳು. ಟಿಕೆಟ್ ಯಾಕೆ ಸದಾ ಖಾಲಿಯಾಗುತ್ತಿತ್ತು ಎಂದು ಈಗ ಗೊತ್ತಾಯಿತು. ಆ ಮಾತೇ ಇವರದಲ್ಲ ಎಂದಮೇಲೆ ನನ್ನ ಬಳಿ ಇವರದೆಂದು ಉಳಿದದ್ದಾದರೂ ಏನು?

ವಿರಾಮದಲ್ಲಿ ಹೆಂಗಸರ ಶೌಚಾಲಯದ ಸಾಲಿನಲ್ಲಿ ನಿಂತಾಗ ಬಾಯಿ ತಡೆಯಲಿಲ್ಲ. "ನೋಡಿ, ಈಗ ನಾಯಕ ಹೇಳಿದ್ನಲ್ಲ, ನಮ್ಮನೆಯವರು ಆ ಮಾತನ್ನ ಕದ್ದು ನಂಗೆ ಹೇಳಿದಾರೆ!"

ಮುಂದಿದ್ದ ದಪ್ಪ ಕನ್ನಡಕದಾಕೆ ಗಕ್ಕನೆ ತಿರುಗಿದರು. "ಅಯ್ಯೋ, ನಿಮಗೂನಾ?"

"ನಂಗೆ ಮೊನ್ನೆ ತಾನೇ ಫೋನಲ್ಲಿ ಹೇಳಿದಾನೆ," ಎಂದಳು ತುಟಿಗೆ ಬಣ್ಣ ತೀಡುತ್ತಿದ್ದ ಹುಡುಗಿ. "ಇರಲಿ, ಅವನಿಗೆ ಮಾಡ್ತೀನಿ!"

"ನಿಮ್ದೆಲ್ಲ ಏನು ಮಹಾ," ಎಂದರು ಗೋಡೆಗೆ ಒರಗಿದ್ದ ಅಜ್ಜಿ. "ನನ್ನ ಇಬ್ಬರು ಗಂಡಂದಿರೂ ಅದನ್ನೇ ಹೇಳಿದ್ರು ಕಣ್ರೇ. ಎರಡನೇ ಸಲ ನಾನೇ ಅರ್ಧ ಹೇಳಿಕೊಟ್ಟೆ."

ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಾಟಕಕಾರ ಮಹಾನುಭಾವ ಊರಿನ ಅರ್ಧ ಮದುವೆಗಳನ್ನು ಕೂತಲ್ಲೇ ಕುದುರಿಸಿದ್ದ! ನಗುತ್ತಲೇ ಬಂದು ಸೀಟಿನಲ್ಲಿ ಕೂತೆ. ಎದೆಯೊಳಗಿನ ಮುಳ್ಳು ಮಾತ್ರ ಅಲ್ಲೇ ಇತ್ತು.

"ರೀ, ಕಳ್ಳ ಮಾಲು ಕೊಟ್ಟು ನನ್ನ ಕಟ್ಕೊಂಡ್ರಲ್ಲ."

ದೀಪ ಆರುತ್ತಿದ್ದಂತೆ ಅವರು ಬಗ್ಗಿ ಪಿಸುಗುಟ್ಟಿದರು. "ಈಗ ನೋಡು, ನಾಯಕಿ ಅಳ್ತಾಳೆ. ಆಮೇಲೆ ಅವನಿಗೆ ಉದ್ದಕ್ಕೆ ಮಾತಿದೆ. ಅಷ್ಟನ್ನೂ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ನೀನು ಎಲ್ಲಿ ಅತ್ತೆ? 'ಊರು ಆಮೇಲೆ ಕಟ್ಟೋಣ, ಮೊದಲು ನನ್ನನ್ನ ಕೆಳಗಿಳಿಸಿ' ಅಂದ್ಬಿಟ್ಟೆ. ಅದು ಯಾವ ನಾಟಕದಲ್ಲೂ ಇಲ್ಲ ಕಣೇ. ಅಲ್ಲಿಂದ ಇವತ್ತಿನವರೆಗೂ ನಾನೇ ತಡಕಾಡಿ ತಡಕಾಡಿ ಮಾತು ಹುಡುಕ್ತಾ ಇದೀನಿ."

ಅವರ ಮಾತನ್ನು ಇಷ್ಟು ವರ್ಷ ಜೋಪಾನ ಮಾಡಿದ ನಾನು, ನನ್ನದನ್ನು ಮರೆತೇಬಿಟ್ಟಿದ್ದೆ. ಇವರು ಅದನ್ನು ಇಟ್ಟುಕೊಂಡಿದ್ದರು.

"ಆಮೇಲೆ ನೀವೇನಂದ್ರಿ?"

"'ಸರಿ ಮೇಡಂ' ಅಂದೆ." ಕತ್ತಲಲ್ಲೂ ಅವರ ಸಂಕೋಚ ಕಂಡಿತು. "ಅದು ನಂದೇ."

ಪರದೆ ಎದ್ದಿತು. ನಾಯಕಿ ಬಿಕ್ಕಿಬಿಕ್ಕಿ ಅತ್ತಳು. ರಂಗಮಂದಿರ ಉಸಿರು ಬಿಗಿಹಿಡಿಯಿತು. ನನಗೆ ಕಿಸಕ್ಕನೆ ನಗು ಬಂತು. ಹಿಂದಿನ ಸಾಲಿನಲ್ಲಿ ಅಜ್ಜಿಯೂ ಶುರು ಮಾಡಿದರು, ಎಲ್ಲೋ ಮೂಲೆಯಲ್ಲಿ ಆ ಹುಡುಗಿಯೂ.

"ಸುಮ್ನಿರೇ, ಎಲ್ಲರೂ ನೋಡ್ತಿದಾರೆ," ಎಂದರು ಇವರು.

"ಹಾಗಾದ್ರೆ ಇನ್ನೊಂದ್ಸಲ ಹೇಳಿ, ನಿಮ್ಮದನ್ನ."

ನಾಯಕ ಉದ್ದ ಮಾತಿಗೆ ತೊಡಗಿದ್ದ. ನನ್ನ ಗಂಡ ಅದರ ಕಡೆ ಗಮನವನ್ನೇ ಕೊಡದೆ, ನನ್ನ ಕಿವಿಯ ಹತ್ತಿರ ಬಂದರು.

"ಸರಿ, ಮೇಡಂ."