ಸಾವಿನ ಮನೆಗೆ ಬಂದ ಮೀನು

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಊಟ ಹೊರಗಿನಿಂದ ಬರಬೇಕು. ಮೆಸ್ಸಿನಾ ಜಲಸಂಧಿಯ ದಂಡೆಯ ಆ ಬೆಸ್ತರ ಕೇರಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಗತೀನಾ ತನ್ನ ಒಬ್ಬನೇ ಮಗ ಪ್ಲಾಚಿದೊನನ್ನು ಮಣ್ಣು ಮಾಡಿ ಬಂದ ಸಂಜೆ ಅತ್ತಿಗೆ ಮಿಮ್ಮಾ ಬಟ್ಟೆಯಲ್ಲಿ ಸುತ್ತಿದ ಪಾತ್ರೆ ಹಿಡಿದು ಬಂದಳು. ಟೊಮ್ಯಾಟೊ, ಆಲಿವ್, ಕೇಪರ್ ಮೊಗ್ಗು ಹಾಕಿ ಬೇಯಿಸಿದ ಕತ್ತಿಮೀನು.

"ಎರಡು ತುತ್ತಾದ್ರೂ ತಿನ್ನು. ಹೊಟ್ಟೆ ಖಾಲಿ ಇಟ್ಕೊಂಡ್ರೆ ಹೋದೋನು ವಾಪಸ್ ಬರ್ತಾನಾ?"

ಅತ್ತಿಗೆಯ ಮಾತು ಮೀರಲಾರದೆ ಅಗತೀನಾ ಬಾಯಿಗಿಟ್ಟಳು. ಆದರೆ ಎರಡು ದಿನದಿಂದ ನೀರಷ್ಟೇ ಕಂಡಿದ್ದ ನಾಲಿಗೆಗೆ ಹುಳಿಯುಪ್ಪು ತಾಗಿದ್ದೇ ತಡ, ತಟ್ಟೆ ಬರಿದಾಗುವವರೆಗೂ ಕೈ ನಿಲ್ಲಲಿಲ್ಲ. ತಿಂದ ಮೇಲೆ ಅವಳಿಗೆ ನಾಚಿಕೆಯಾಯಿತು.

ಪ್ಲಾಚಿದೊ ಕೆಲಸ ಮಾಡುತ್ತಿದ್ದದ್ದು ಸೋದರಮಾವ, ಮಿಮ್ಮಾಳ ಗಂಡ ಲೆತ್ತೇರಿಯೊನ ದೋಣಿಯಲ್ಲಿ. ಕತ್ತಿಮೀನು ಹಿಡಿಯುವ ದೋಣಿಗೆ ನಡುವೆ ಚರ್ಚಿನ ಗೋಪುರದಷ್ಟು ಎತ್ತರದ ಕಬ್ಬಿಣದ ಕಂಬ. ಅದರ ತುದಿಯಲ್ಲಿ ಕೂತವನು ನೀರಿನೊಳಗಿನ ನೆರಳು ಹುಡುಕಿ ಕೂಗಬೇಕು, ಮುಂದೆ ಭರ್ಜಿ ಹಿಡಿದು ನಿಂತವನು ಎಸೆಯಬೇಕು. ಹದ್ದುಗಣ್ಣಿನ ಪ್ಲಾಚಿದೊನನ್ನು ಮಾವನೇ ಕಂಬ ಹತ್ತಿಸಿದ್ದ. ಕಂಬಕ್ಕೆ ಬಿಗಿದಿದ್ದ ಸೊಂಟಪಟ್ಟಿ ಹರಿದು ಹುಡುಗ ಕೆಳಗೆ ಹಲಗೆಯ ಮೇಲೆ ಬಿದ್ದ. "ಬಿದ್ದ ಕೂಡ್ಲೇ ಪ್ರಾಣ ಹೋಯ್ತು. ನೋವು ಅಂತ ಗೊತ್ತಾಗೋಕ್ಕೂ ಮುಂಚೆ," ಎಂದಿದ್ದ ಲೆತ್ತೇರಿಯೊ. ಆ ಒಂದು ಮಾತನ್ನು ಎದೆಗೆ ಅವುಚಿಕೊಂಡು ಅಗತೀನಾ ದಫನದ ದಿನವನ್ನು ಕಳೆದಿದ್ದಳು.

ಮರುದಿನ ಬೆಳಿಗ್ಗೆ ಮೇಲಿನ ಬೀದಿಯ ಅಂಗಡಿಯಿಂದ ಕಾಫಿ ಗ್ರಾನಿತಾ ಎಂಬ ಪುಡಿಹಿಮದ ತಿನಿಸು, ಬ್ರಿಯೋಷ್ ಬನ್ನು ಬಂತು. ಬಂದರಿನ ಬಾಯಲ್ಲಿ ಅಗತೀನಾಳದೇ ಗ್ರಾನಿತಾ ಅಂಗಡಿ ಇತ್ತು, ಸಾವಿನ ದಿನದಿಂದ ಮುಚ್ಚಿತ್ತು. ನಿಂಬೆ, ಬಾದಾಮಿ, ಕಾಫಿ ಯಾವುದೇ ಆಗಲಿ, ಅವಳ ಕೈಯ ಹಿಮ ರೇಷ್ಮೆಯಂತೆ ನಾಲಿಗೆಯ ಮೇಲೆ ಜಾರುತ್ತಿತ್ತು.

"ಇದೇನ್ರೇ, ಆನೆಕಲ್ಲು ಮಳೆ ಸುರಿದ ಹಾಗಿದೆ," ಎಂದು ಪಕ್ಕದ ಮನೆ ಮುದುಕಿ ಹಲ್ಲು ಹಿಡಿದುಕೊಂಡಾಗ ಅಳುತ್ತಿದ್ದವರೂ ಕಣ್ಣೊರೆಸಿಕೊಂಡು ಒಂದು ಗಳಿಗೆ ನಕ್ಕರು.

ಹೆಂಗಸರೆಲ್ಲ ಹೋದ ಮೇಲೆ ಬಾಸ್ತಿಯಾನೊ ಬಂದ. ಲೆತ್ತೇರಿಯೊನ ದೋಣಿಯಲ್ಲೇ ಕೂದಲು ನೆರೆದ ಆಳು ಅವನು. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಕೊಟ್ಟ ಲೋಟವನ್ನು ಮುಟ್ಟಲಿಲ್ಲ.

"ತಿನ್ನಿ ಮಾಮ, ಕರಗ್ತಾ ಇದೆ."

"ಗಂಟಲಲ್ಲಿ ಇಳಿಯಲ್ಲ ಮಗಾ. ನಿನಗೆ ಹೇಳದೆ ಇದ್ರೆ ಏನೂ ಇಳಿಯಲ್ಲ." ಅವನು ನೆಲ ನೋಡುತ್ತ ಹೇಳಿದ, "ಪ್ಲಾಚಿ ಬಿದ್ದ ಕೂಡ್ಲೇ ಸಾಯ್ಲಿಲ್ಲ."

ಅಗತೀನಾ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು.

"ಅವನು ಬೀಳೋ ಹೊತ್ತಿಗೆ ಮೀನಿಗೆ ಭರ್ಜಿ ನೆಟ್ಟಿತ್ತು. ಭಾರಿ ಮೀನು, ಹಗ್ಗ ಎಳ್ಕೊಂಡು ಆಳಕ್ಕೆ ಹೋಗ್ತಿತ್ತು. ಹಗ್ಗ ಕುಯ್ದು ದಡಕ್ಕೆ ಹೋಗೋಣ ಅಂದೆ. ನಿಮ್ಮಣ್ಣ ನನ್ನ ಕೈಯಿಂದ ಚಾಕು ಕಿತ್ಕೊಂಡ. ಹುಡುಗನಿಗೆ ಮೂರ್ಛೆ ಅಷ್ಟೆ, ಮೀನು ದಣೀತಾ ಇದೆ, ಇನ್ನೊಂದು ಗಳಿಗೆ ಅಂದ. ಆ ಗಳಿಗೆ ಮುಗೀಲೇ ಇಲ್ಲ. ತಲೆ ನನ್ನ ತೊಡೆ ಮೇಲಿತ್ತು. ನೀರು ಕೇಳ್ದ. ನಿನ್ನನ್ನೂ ಕೇಳ್ದ. ಮೀನು ದೋಣಿಗೆ ಬರೋ ಹೊತ್ತಿಗೆ ಉಸಿರು ನಿಂತಿತ್ತು."

ಅಗತೀನಾ ಕೇಳಿದಳು, "ಆ ಮೀನು ಏನಾಯ್ತು?"

"ಸಾವು ಕಂಡ ದೋಣಿ ಮೀನನ್ನ ಯಾರು ಕೊಳ್ತಾರೆ? ಕಡಿದು ಮನೆಗೆ ತಗೊಂಡು ಹೋದ."

ಅಗತೀನಾ ಎದ್ದು ಹಿತ್ತಿಲಿಗೆ ಹೋದಳು. ಗೋಡೆ ಹಿಡಿದು ನಿಂತು, ಕರುಳು ಬಾಯಿಗೆ ಬರುವಂತೆ ಓಕರಿಸಿದಳು. ಏನೂ ಹೊರಗೆ ಬರಲಿಲ್ಲ. ತಿಂದದ್ದು ಆಗಲೇ ಅವಳ ಮೈಗೆ ಸೇರಿಹೋಗಿತ್ತು.

ಉರಿಬಿಸಿಲಲ್ಲೇ, ಕಪ್ಪು ಬಟ್ಟೆಯಲ್ಲೇ ಅಣ್ಣನ ಮನೆಗೆ ನಡೆದಳು. ಲೆತ್ತೇರಿಯೊ ಮೇಜಿನ ಮುಂದೆ ಕೂತಿದ್ದ. ಮಿಮ್ಮಾ ಬದನೆಕಾಯಿ ಹೆಚ್ಚುತ್ತಿದ್ದಳು.

"ಅಣ್ಣಾ, ನನ್ನ ಮಗ ನೀರು ಕೇಳಿದ್ನಾ?"

"ಯಾರು ಹೇಳಿದ್ದು?"

"ಕೇಳಿದ್ನಾ ಇಲ್ವಾ?"

ಲೆತ್ತೇರಿಯೊ ಅರ್ಧ ಎದ್ದು ಮತ್ತೆ ಕೂತ. "ಬದುಕ್ತಾನೆ ಅಂತ್ಲೇ ಅಂದ್ಕೊಂಡೆ ಕಣೇ. ಅವನೇ ತೋರಿಸಿದ ಮೀನು. ಈ ತಿಂಗಳಲ್ಲಿ ಅದೊಂದೇ ಸಿಕ್ಕಿದ್ದು."

"ಯಾವ ಮೀನು?" ಮಿಮ್ಮಾಳ ಚಾಕು ನಿಂತಿತು. "ರೀ, ಯಾವ ಮೀನು? ನಾನು ಬೇಯಿಸಿದ್ನಲ್ಲ, ಅದಾ?"

ಅವನು ಹೌದೆಂದು ತಲೆಯಾಡಿಸಿದ. ಮಿಮ್ಮಾ ಚಾಕು ಕೆಳಗಿಟ್ಟು, ಎರಡೂ ಅಂಗೈಗಳನ್ನು ಅವು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ಬಂದರಿನ ಅಧಿಕಾರಿ ವಿಚಾರಣೆಗೆ ನಿನ್ನನ್ನೂ ಕರೀತಾನೆ," ಎಂದ ಲೆತ್ತೇರಿಯೊ. "ಏನೂ ಹೇಳಬೇಡ. ನಾವು ಒಂದೇ ರಕ್ತ."

"ಪ್ಲಾಚಿದೂ ಅದೇ ರಕ್ತ," ಎಂದು ಅಗತೀನಾ ಹೊರಟುಬಂದಳು.

ಅಧಿಕಾರಿಯ ಮುಂದೆ ಅವಳು ಹೇಳಿದಳು. ಬಾಸ್ತಿಯಾನೊನೂ ಹೇಳಿದ. ಉಳಿದ ಇಬ್ಬರು ಆಳುಗಳು, ಹುಡುಗ ಬಿದ್ದ ತಕ್ಷಣ ದೋಣಿ ತಿರುಗಿಸಿದೆವು ಎಂದು ಶಿಲುಬೆ ಮುಟ್ಟಿ ಆಣೆ ಮಾಡಿದರು. ಬೇಗ ತಂದಿದ್ದರೂ ಉಳಿಯುತ್ತಿದ್ದನೋ ಇಲ್ಲವೋ ಹೇಳಲಾಗದು ಎಂದರು ವೈದ್ಯರು. ಚಳಿಗಾಲದ ಹೊತ್ತಿಗೆ ವಿಚಾರಣೆ ಮುಗಿಯಿತು. ಆಕಸ್ಮಿಕ ಎಂದು ಬರೆದರು.

ಕೇರಿಯವರು ಮಾತ್ರ ಮುಗಿಸಲಿಲ್ಲ. "ಒಡಹುಟ್ಟಿದವನನ್ನೇ ಜೈಲಿಗೆ ಅಟ್ಟೋಕೆ ಹೋದವಳು," ಎಂದು ಅವಳ ಅಂಗಡಿಯ ಮುಂದೆಯೇ ಹಾದು ಮೇಲಿನ ಬೀದಿಯ ಆನೆಕಲ್ಲು ತಿನ್ನಲು ಹೋದರು. ಬಾಸ್ತಿಯಾನೊನನ್ನು ಯಾವ ದೋಣಿಯೂ ಹತ್ತಿಸಿಕೊಳ್ಳಲಿಲ್ಲ. ಅಗತೀನಾ ಅವನಿಗೆ ಬಾದಾಮಿ ಸುಲಿಯುವ ಕೆಲಸ ಕೊಟ್ಟಳು. ಹಗ್ಗ ಎಳೆದ ಬೆರಳುಗಳಿಗೆ ಆ ಕೆಲಸ ಒಗ್ಗದೆ ಅರ್ಧ ಬೀಜ ಪುಡಿಯಾಗುತ್ತಿತ್ತು. ಮಿಮ್ಮಾ ಮಧ್ಯಾಹ್ನ ಹಿಂಬಾಗಿಲಿನಿಂದ ಬಂದು ಅವನ ಎದುರು ಕೂತು ತಾನೂ ಸುಲಿಯುತ್ತಿದ್ದಳು.

ಮತ್ತೆ ಬೇಸಿಗೆ ಬಂತು, ಕತ್ತಿಮೀನುಗಳು ಜಲಸಂಧಿಗೆ ಬಂದವು. ಲೆತ್ತೇರಿಯೊನ ದೋಣಿಯೂ ಹೊರಟಿತು. ಕಂಬದ ತುದಿಯಲ್ಲಿ ರೊಸಾಲ್ಬಾ ಎಂಬ ವಿಧವೆಯ ಮಗ ಕೂತಿದ್ದ. ವರ್ಷವಿಡೀ ಅಗತೀನಾಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ ರೊಸಾಲ್ಬಾ ಆ ಬೆಳಿಗ್ಗೆ ಅಂಗಡಿಗೆ ಬಂದು ನಿಂತಳು. ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ.

"ನಿಂಬೆಹಣ್ಣಿಂದು ಒಂದು ಕೊಡು," ಎಂದಳು.

ಅಗತೀನಾ ಲೋಟ ತಂದಿಟ್ಟಳು. ರೊಸಾಲ್ಬಾ ಚಮಚ ಹಿಡಿದಳು, ಬಾಯಿಗೆ ಒಯ್ಯಲಿಲ್ಲ. ಕಣ್ಣು ಕಂಬದ ತುದಿಯ ಚುಕ್ಕೆಯ ಮೇಲೇ ನೆಟ್ಟಿತ್ತು. ಬಿಸಿಗಾಳಿಗೆ ಹಿಮ ನೀರಾಗತೊಡಗಿತು.

"ಸೊಂಟಪಟ್ಟಿ ಹೊಸದು ಕೊಡಿಸಿದಾರಂತೆ," ಎಂದಳು, ಯಾರನ್ನೋ ಕೇಳುವಂತೆ.

ಅಗತೀನಾ ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕೂತಳು. ದೋಣಿ ಹಿಂತಿರುಗುವವರೆಗೂ ಕೂತೇ ಇದ್ದಳು.