ತೊಟ್ಟಿಲ ಮೇಲಿನ ಕ್ಯಾಮೆರಾ

"ಗಾನೂ, ಕೂತ್ಕೋ ಚಿನ್ನಾ! ಕೂತ್ಕೋ!"

ದೇವನಹಳ್ಳಿಯ ಗೋದಾಮಿನಲ್ಲಿ ಊಟಕ್ಕೆ ಕೂತವರೆಲ್ಲ ಮಮತಳತ್ತ ತಿರುಗಿದರು. ತೊಟ್ಟಿಲ ಮೇಲೆ ಗೋಡೆಗೆ ಹಾಕಿಸಿದ್ದ ಕ್ಯಾಮೆರಾದಿಂದ ಅವಳ ಫೋನಿನ ಪರದೆಯಲ್ಲಿ ದೊಡ್ಡಬಳ್ಳಾಪುರದ ಮನೆ ಕಾಣುತ್ತಿತ್ತು. ಮೊನ್ನೆಯಷ್ಟೇ ನಿಲ್ಲಲು ಕಲಿತ ಮಗಳು ಗಾನವಿ ತೊಟ್ಟಿಲ ಅಂಚು ಹಿಡಿದು ಎದ್ದು ನಿಂತಿದ್ದಳು. ತೊಲೆಗೆ ನೇತುಹಾಕಿದ ತೊಟ್ಟಿಲು ಓಲಾಡುತ್ತಿತ್ತು.

ಮಗ್ಗದ ಮನೆಯ ಮಕ್ಕಳಿಗೆ ಲಾಲಿ ಬೇಡ. ಮಗ್ಗ ಓಡುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. ಆ ಧೈರ್ಯದ ಮೇಲೆಯೇ ಅತ್ತೆ ಅಂಜನಮ್ಮ ಬೀದಿ ಬಾಗಿಲಿಗೆ ಚಿಲಕ ಹಾಕಿ ಪಕ್ಕದ ಕೋಣೆಯಲ್ಲಿ ಕರೆಂಟಿನ ಮಗ್ಗ ನೋಡಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ಅವರಿಗೆ ಫೋನೂ ಕೇಳದು, ಬಾಗಿಲು ಬಡಿದರೂ ಕೇಳದು.

ಅಮ್ಮನ ದನಿ ಬಂದದ್ದು ಕ್ಯಾಮೆರಾದಿಂದಲ್ಲವೇ? ಗಾನವಿ ನಗುತ್ತಾ ಅದರತ್ತ ಕೈಚಾಚಿ, ಒಂದು ಕಾಲನ್ನು ಅಂಚಿನ ಮೇಲೆ ಹಾಕಿದಳು. ತಾನೇ ಮಗುವನ್ನು ಕರೆದು ಬೀಳಿಸುತ್ತಿದ್ದೇನಲ್ಲಾ! ಮಮತ ಮೈಕು ನಿಲ್ಲಿಸಿ, ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಸಿಂಚನಳ ಫೋನು ಕಸಿದುಕೊಂಡು ನೆರೆಮನೆಯ ಸೀನಪ್ಪನಿಗೆ ಕರೆ ಮಾಡಿದಳು.

"ಮಾವ, ನಮ್ಮನೆ ಮೇನ್ ಆಫ್ ಮಾಡಿ! ಗಾನೂ ತೊಟ್ಟಿಲಿಂದ ಬೀಳ್ತಾವ್ಳೆ!"

"ಬಾಗ್ಲು ಬಡೀತೀನಿ ಇರವ್ವಾ."

"ಅತ್ತೆಗೆ ಕೇಳ್ಸಲ್ಲ ಮಾವ! ಮೀಟರ್ ಬೋರ್ಡು ಹೊರಗೇ ಐತಲ್ಲ, ಕರೆಂಟ್ ತೆಗೀರಿ, ಮಗ್ಗ ನಿಲ್ಲಲಿ!"

ಸೀನಪ್ಪ ಓಡುವ ಸದ್ದು ಕೇಳಿಸಿತು. ಗಾನವಿ ಇನ್ನೊಂದು ಕಾಲನ್ನೂ ಎತ್ತಿದಳು. ಅಷ್ಟರಲ್ಲಿ ಪರದೆ ಕಪ್ಪಾಯಿತು.

ಕ್ಯಾಮೆರಾಕ್ಕೂ ಅದೇ ಕರೆಂಟು ಎಂಬುದು ಮಮತಳಿಗೆ ಹೊಳೆದೇ ಇರಲಿಲ್ಲ. ಕಿವಿಗಿಟ್ಟ ಫೋನಿನಲ್ಲಿ ಅಂಜನಮ್ಮ ಚಿಲಕ ತೆಗೆದು ಗದರುವುದು ಕೇಳಿಸಿತು, "ಯಾವನ್ಲಾ ಅವ್ನು ಕರೆಂಟ್ ತೆಗ್ದೋನು?" ಅಯ್ಯೋ, ತೊಟ್ಟಿಲ ಕಡೆ ಹೋಗಬೇಕಾದವರು ಬಾಗಿಲಿಗೆ ಬಂದಿದ್ದರು.

"ಅಕ್ಕಾ, ಮಗಾ! ಒಳಗೆ ಮಗಾ ನೋಡು!" ಸೀನಪ್ಪ ಕೂಗಿದ.

ಕಾಲ್ಸಪ್ಪಳ. ಏನೋ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಸಿಂಚನ ಮಮತಳ ಭುಜ ಹಿಡಿದುಕೊಂಡಳು. ಕೊನೆಗೆ ಮಗುವಿನ ಅಳು ಕೇಳಿಸಿತು.

"ಸಿಕ್ಕವ್ಳೆ ಕಣವ್ವಾ," ಸೀನಪ್ಪ ಏದುಸಿರು ಬಿಟ್ಟ. "ಅಂಜನಮ್ಮಕ್ಕ ಹಿಡ್ಕೊಂಡ್ರು. ಏನೂ ಆಗಿಲ್ಲ, ಅಳ್ಬೇಡ."

ಕರೆಂಟು ಮತ್ತೆ ಬಂದಾಗ ಪರದೆಯಲ್ಲಿ ಅಂಜನಮ್ಮ ನೆಲಕ್ಕೆ ಕುಸಿದು ಕೂತಿದ್ದರು. ಅವರ ತೊಡೆಯಿಂದ ಕೊಸರಿಕೊಳ್ಳುತ್ತಾ, ಎರಡೂ ಕೈಗಳನ್ನು ಕ್ಯಾಮೆರಾದತ್ತ ಚಾಚಿ ಗಾನವಿ ಒಂದೇ ಸಮನೆ ಅಳುತ್ತಿದ್ದಳು. ಮಮತಳ ಬೆರಳು ಮೈಕಿನ ಗುರುತಿನವರೆಗೆ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು.