ನಡುವೆ ಉಳಿದ ಜಾಗ

ನನ್ನ ಮಗಳು ಜಪಾನಿನ ಸೆಂಡಾಯ್‌ನಲ್ಲಿ ಸಂಶೋಧನೆ ಮಾಡುತ್ತಾಳೆ. ಮೊಮ್ಮಗಳು ಕೃತಿಯ ಶಾಲೆಯಲ್ಲಿ ಅಂದು ಅಜ್ಜಿಯರಿಗೆ ಆಹ್ವಾನವಿತ್ತು. ಹಳೆಯ ಪತ್ರಿಕೆಗಳ ಚಿತ್ರ ಕತ್ತರಿಸಿ ‘ನಾವು ಯಾರು’ ಎಂಬ ಕೊಲಾಜ್ ಅಂಟಿಸಬೇಕು. ಅದನ್ನು ಹಿಡಿದು ಮಗು ತರಗತಿಯ ಮುಂದೆ ಮಾತಾಡಬೇಕು.

ಟೀಚರ್ ಮೋರಿ ಸಾನ್ ನನ್ನ ಗುಂಗುರು ಕೂದಲು ನೋಡಿದ್ದರೇನೋ, ಆಫ್ರಿಕಾದ ಚಿತ್ರಗಳಿದ್ದ ಪತ್ರಿಕೆಗಳನ್ನೇ ಹುಡುಕಿ ತಂದಿಟ್ಟರು. ನನಗೆ ಕಾಣಲೆಂದು ದೀಪವನ್ನೂ ಹತ್ತಿರ ಸರಿಸಿದರು.

“ಅಜ್ಜಿ, ನಾವು ಇಂಡಿಯಾ ಅಲ್ವಾ?”

“ಹೌದು ಪುಟ್ಟಾ. ನಾವು ಹಳಿಯಾಳದ ಸಿದ್ದಿಗಳು. ನಮ್ಮ ಹಿಂದಿನವರನ್ನ ಆಫ್ರಿಕಾದಿಂದ ಹಡಗಲ್ಲಿ ತಂದಿದ್ರು.”

“ಸೋ, ವಿಚ್ ಒನ್? ಕ್ಲಾಸಲ್ಲಿ ಎಲ್ರೂ ಕೇಳ್ತಾರೆ.”

ಇತಿಹಾಸ ಕಲಿಸಿ ನಿವೃತ್ತಳಾದ ನಾನು ಪತ್ರಿಕೆಯ ಪುಟ ತಿರುವಿದೆ. ಒಂದು ಪುಟದಲ್ಲಿ ಥೇಟ್ ನನ್ನ ಅಮ್ಮನ ಹಣೆಯ ಹೆಂಗಸಿದ್ದಳು. ಅವಳದು ಯಾವ ದೇಶವೋ ತಿಳಿಯಲಿಲ್ಲ.

ಕೈ ಮಾತ್ರ ತನಗೆ ಗೊತ್ತಿದ್ದ ಕೆಲಸಕ್ಕೆ ತೊಡಗಿತು. ನಮ್ಮವರು ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ಮೂಲೆಯಿಂದ, ಅಂಚು ಸುತ್ತುತ್ತ ಒಳಕ್ಕೆ. ಹಾಗೆಯೇ ಚಿತ್ರದ ಚೂರುಗಳನ್ನು ಅಂಟಿಸುತ್ತ ಬಂದೆ. ಗಂಟೆ ಹೊಡೆದಾಗ ನಡುವೆ ಅಂಗೈಯಗಲ ಜಾಗ ಖಾಲಿಯಿತ್ತು.

“ಮುಖಾನೇ ಇಲ್ಲ. ನಾನೇನ್ ಹೇಳ್ಲಿ?”

“ಅಲ್ಲಿ ಯಾರ ಮುಖ ಬರ್ಬೇಕು ಅಂತ ಅಜ್ಜಿಗೂ ಗೊತ್ತಿಲ್ಲ ಅನ್ನು.”

ಕೃತಿ ಮುಂದೆ ನಿಂತು ಜಪಾನಿಯಲ್ಲಿ ಏನೋ ಹೇಳಿದಳು. ಯಾರೂ ನಗಲಿಲ್ಲ. ಒಬ್ಬ ಹುಡುಗಿ ಎದ್ದು ಬಂದು ಖಾಲಿ ಜಾಗವನ್ನು ಬೆರಳಿಂದ ಮುಟ್ಟಿ ಕೃತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

“ಅವಳ ಅಜ್ಜಿಗೂ ಗೊತ್ತಿಲ್ವಂತೆ,” ಎಂದು ನನಗೆ ಹೇಳಿದಳು ಕೃತಿ.

ಏನು ಗೊತ್ತಿಲ್ಲವೆಂದು ನಾನು ಕೇಳುವಷ್ಟರಲ್ಲಿ ಇಬ್ಬರೂ ಕೈ ಹಿಡಿದು ಅಂಗಳಕ್ಕೆ ಓಡಿದ್ದರು.